ಬಾರ್ಬರಾ ಸ್ಟೀಲ್ ಮತ್ತು ಅವರ ಹಾರರ್ ಸಿನಿಮಾಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಯಾರು ಈ ಬಾರ್ಬರಾ ಸ್ಟೀಲ್?

ಇಂಗ್ಲೆಂಡಿನ ಲಿವರ್‌ಪೂಲ್ ಎದುರಿಗೆ, ಮರ್ಸಿ ನದಿಯ ಆಚೆ ದಡದಲ್ಲಿ ಬರ್ಕನ್‌ಹೆಡ್ ಅಂತ ಊರಿದೆ. 1937ರ ಡಿಸೆಂಬರ್ 29ರಂದು ಅಲ್ಲಿ ಹುಟ್ಟಿದವರು ಬಾರ್ಬರಾ ಸ್ಟೀಲ್. 1960ರ ದಶಕದಲ್ಲಿ ಇಟಲಿಯಲ್ಲಿ ತಯಾರಾದ ಕಪ್ಪು-ಬಿಳುಪು ದೆವ್ವದ ಸಿನಿಮಾಗಳ ರಾಣಿ ಅಂತ ಇವತ್ತಿಗೂ ಕರೆಯುವುದು ಇವರನ್ನೇ. ಅಗಲವಾದ ದೊಡ್ಡ ಕಣ್ಣು, ಎದ್ದು ಕಾಣುವ ಕೆನ್ನೆಯ ಮೂಳೆ, ಇದ್ದಿಲಿನಂಥ ಕಪ್ಪು ಕೂದಲು. ಒಂದು ಸಲ ನೋಡಿದರೆ ಆ ಮುಖ ಮರೆಯುವುದಿಲ್ಲ.

ದನಿ? ಅದು ಬೇರೆ ಕಥೆ. ಮುಂದೆ ಹೇಳುತ್ತೇನೆ.

ಇಂಗ್ಲೆಂಡಿನವರು ಅಂದ ಮೇಲೆ ಹ್ಯಾಮರ್ ಎಂಬ ಬ್ರಿಟಿಷ್ ಕಂಪನಿಯ ಡ್ರಾಕುಲಾ ಸಿನಿಮಾಗಳಲ್ಲಿ ಇದ್ದರು ಅಲ್ವಾ?

ಇರಲಿಲ್ಲ. ಅತಿ ಹೆಚ್ಚು ಜನ ಮಾಡುವ ತಪ್ಪು ಇದು. ಹ್ಯಾಮರ್ ಕಂಪನಿಯ ಒಂದೇ ಒಂದು ಚಿತ್ರದಲ್ಲೂ ಅವರು ನಟಿಸಿಲ್ಲ. ಈ ಗೊಂದಲಕ್ಕೆ ಒಂದು ಕಾರಣ ಬಾರ್ಬರಾ ಶೆಲ್ಲಿ. ಅವರೂ ಬ್ರಿಟಿಷ್ ನಟಿ, ಅವರ ಹೆಸರೂ ಬಾರ್ಬರಾ, ಅವರೂ ಹಾರರ್‌ಗೇ ಹೆಸರಾದವರು. 1966ರ 'ಡ್ರಾಕುಲಾ: ಪ್ರಿನ್ಸ್ ಆಫ್ ಡಾರ್ಕ್‌ನೆಸ್' ಚಿತ್ರದಲ್ಲಿ ಕ್ರಿಸ್ಟೋಫರ್ ಲೀ ಜೊತೆ ಇದ್ದದ್ದು ಶೆಲ್ಲಿ, ಸ್ಟೀಲ್ ಅಲ್ಲ. ಸ್ಟೀಲ್ ಅವರ ಹೆಸರು ಬೆಳೆದದ್ದು ರೋಮ್‌ನಲ್ಲಿ. ಹುಟ್ಟಿದ ದೇಶ ಅವರಿಗೆ ಹಾರರ್ ಪಾತ್ರ ಕೊಟ್ಟದ್ದು ತುಂಬಾ ತಡವಾಗಿ, ಅದೂ ಮೈಗೆಲ್ಲ ಬಣ್ಣ ಬಳಿದು.

ಸಿನಿಮಾಗೆ ಬಂದದ್ದು ಹೇಗೆ?

ಮೊದಲು ಆಗಬೇಕು ಅಂದುಕೊಂಡಿದ್ದು ಚಿತ್ರ ಕಲಾವಿದೆ. ಕಲೆಯನ್ನು ಓದಿದ್ದರು ಕೂಡ. ನಾಟಕ ಕಂಪನಿಯಲ್ಲಿ ಸ್ವಲ್ಪ ಕಾಲ ಇದ್ದು, ಆಮೇಲೆ ರ‍್ಯಾಂಕ್ ಆರ್ಗನೈಸೇಷನ್ ಎಂಬ ದೊಡ್ಡ ಬ್ರಿಟಿಷ್ ಸಂಸ್ಥೆಗೆ ಕರಾರಿನ ಮೇಲೆ ಸೇರಿದರು. ಆಗ ಅಲ್ಲಿನ ಪದ್ಧತಿ ಹಾಗಿತ್ತು: ಚೆಂದದ ಹುಡುಗಿಯರನ್ನು ಸಂಬಳಕ್ಕೆ ಇಟ್ಟುಕೊಳ್ಳುವುದು, ಫೋಟೋ ತೆಗೆಸುವುದು, ಆಗಾಗ ಸಣ್ಣಪುಟ್ಟ ಪಾತ್ರ ಕೊಡುವುದು. 1958ರ 'ಬ್ಯಾಚುಲರ್ ಆಫ್ ಹಾರ್ಟ್ಸ್', 1959ರ 'ಸಫೈರ್' ಇಂಥ ಚಿತ್ರಗಳಲ್ಲಿ ಅವರು ಹೀಗೆ ಬಂದು ಹಾಗೆ ಹೋಗುತ್ತಾರೆ. ಕಣ್ಣು ಮಿಟುಕಿಸಿದರೆ ತಪ್ಪಿ ಹೋಗುವಷ್ಟು ಚಿಕ್ಕ ಪಾತ್ರಗಳು. ಕೊನೆಗೆ ರ‍್ಯಾಂಕ್ ಅವರ ಕರಾರನ್ನು ಅಮೆರಿಕದ ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ಗೆ ಮಾರಿತು. ಹೌದು, ಮಾರಿತು. ಕಲಾವಿದರ ಕರಾರನ್ನು ಸಾಮಾನಿನ ಹಾಗೆ ದಾಟಿಸುತ್ತಿದ್ದ ಕಾಲ ಅದು.

ಎಲ್ವಿಸ್ ಪ್ರೆಸ್ಲಿ ಸಿನಿಮಾ ಬಿಟ್ಟು ಓಡಿಹೋದರಂತೆ, ನಿಜವಾ?

ಬಿಟ್ಟದ್ದು ನಿಜ. ಚಿತ್ರದ ಹೆಸರು 'ಫ್ಲೇಮಿಂಗ್ ಸ್ಟಾರ್', ನಿರ್ದೇಶಕ ಡಾನ್ ಸೀಗಲ್, ಕುದುರೆ-ಬಂದೂಕಿನ ವೆಸ್ಟರ್ನ್ ಕಥೆ. ಹೊಂಬಣ್ಣದ ಕೂದಲು, ಅಮೆರಿಕದ ಮಾತಿನ ಧಾಟಿ, ಯಾವುದೂ ಅವರಿಗೆ ಒಗ್ಗಲಿಲ್ಲ. ಅವರು ಹೊರಬಂದರು, ಬಾರ್ಬರಾ ಈಡನ್ ಆ ಪಾತ್ರಕ್ಕೆ ಬಂದರು. ಈ ಕಥೆಯಲ್ಲಿ ಎಷ್ಟು ಬಾರ್ಬರಾಗಳು ನೋಡಿ!

ಆದರೆ ಎಲ್ಲರೂ ಹೇಳುವ ಕಥೆಯಲ್ಲಿ ಒಂದು ಎಡವಟ್ಟಿದೆ. ಎಲ್ವಿಸ್‌ನನ್ನು ಬಿಟ್ಟು ಸೀದಾ ಇಟಲಿಗೆ ಹೋಗಿ 'ಬ್ಲ್ಯಾಕ್ ಸಂಡೇ' ಮಾಡಿದರು ಅಂತ ಹೇಳುತ್ತಾರೆ. ತಾರೀಕು ಹೊಂದುವುದಿಲ್ಲ. 1960ರ ಮಾರ್ಚ್‌ನಲ್ಲಿ ಹಾಲಿವುಡ್ ನಟರು ಮುಷ್ಕರ ಹೂಡಿದ್ದರು, ಅಲ್ಲಿ ಕೆಲಸ ನಿಂತಿತ್ತು. ಇಟಲಿಯ ಶೂಟಿಂಗ್ ನಡೆದದ್ದು ಆ ವಸಂತದಲ್ಲೇ, ಚಿತ್ರ ಅಲ್ಲಿ ತೆರೆಗೆ ಬಂದದ್ದು ಅದೇ ಆಗಸ್ಟ್‌ನಲ್ಲಿ. ಎಲ್ವಿಸ್ ಚಿತ್ರದ ಶೂಟಿಂಗ್ ಶುರುವಾದದ್ದೇ ಆಗಸ್ಟ್‌ನಲ್ಲಿ. ಅಂದರೆ ಹಾಲಿವುಡ್‌ನಲ್ಲಿ ಜಗಳವಾಡುವ ಹೊತ್ತಿಗೆ ಅವರ ಅತಿ ದೊಡ್ಡ ಚಿತ್ರ ಮುಗಿದೇ ಹೋಗಿತ್ತು. ಅದು ಅಷ್ಟು ದೊಡ್ಡದಾಗುತ್ತದೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ.

'ಬ್ಲ್ಯಾಕ್ ಸಂಡೇ'ಯಲ್ಲಿ ಅಂಥದ್ದೇನಿದೆ?

ಇದಕ್ಕೆ ಸ್ವಲ್ಪ ಉದ್ದಕ್ಕೆ ಉತ್ತರ ಹೇಳಬೇಕು. ಇಟಲಿಯಲ್ಲಿ ಇದರ ಹೆಸರಿನ ಅರ್ಥ 'ದೆವ್ವದ ಮುಖವಾಡ'. ನಿರ್ದೇಶಕ ಮಾರಿಯೋ ಬಾವಾ. ಅದಕ್ಕೆ ಮುಂಚೆ ಎಷ್ಟೋ ವರ್ಷ ಛಾಯಾಗ್ರಾಹಕರಾಗಿ ದುಡಿದವರು, ಬೇರೆಯವರು ಅರ್ಧಕ್ಕೆ ಬಿಟ್ಟ ಚಿತ್ರಗಳನ್ನು ಮುಗಿಸಿಕೊಟ್ಟವರು. ನಿರ್ದೇಶಕ ಅಂತ ಅವರ ಹೆಸರು ಹೊತ್ತ ಮೊದಲ ಪೂರ್ಣ ಕಥಾಚಿತ್ರ ಇದು. ಕಥೆಯ ಎಳೆ ರಷ್ಯನ್ ಬರಹಗಾರ ಗೊಗೊಲ್ ಬರೆದ 'ವಿಯ್' ಎಂಬ ಕಥೆಯದು. ಎಳೆ ಮಾತ್ರ. ಓದಿದವರಿಗೆ ಗುರುತು ಸಿಗುವುದೂ ಕಷ್ಟ.

ಚಿತ್ರ ಶುರುವಾಗುವುದು 1630ರಲ್ಲಿ, ಪೂರ್ವ ಯುರೋಪಿನ ಮೊಲ್ಡಾವಿಯಾದ ಒಂದು ರಾತ್ರಿ. ಮಾಟಗಾತಿ ಆಸಾಳನ್ನು ಕಂಬಕ್ಕೆ ಕಟ್ಟಿದ್ದಾರೆ. ಶಿಕ್ಷೆ ಕೊಡುತ್ತಿರುವವನು ಅವಳ ಸ್ವಂತ ಅಣ್ಣ. ಒಳಗಡೆ ಮೊಳೆಗಳಿರುವ ಲೋಹದ ಮುಖವಾಡವನ್ನು ತರುತ್ತಾರೆ. ಕ್ಯಾಮೆರಾ ಅವಳ ಕಣ್ಣಿನ ಜಾಗದಲ್ಲಿ ನಿಲ್ಲುತ್ತದೆ. ಮೊಳೆಗಳು ನಮ್ಮ ಕಡೆಗೇ ಬರುತ್ತವೆ. ಆಮೇಲೆ ದೊಡ್ಡ ಸುತ್ತಿಗೆಯ ಒಂದೇ ಏಟು. ಅರವತ್ತು ವರ್ಷ ದಾಟಿದ ಮೇಲೂ ಈ ದೃಶ್ಯ ಬಂದಾಗ ಜನ ಕುರ್ಚಿಯ ಕೈ ಹಿಡಿದುಕೊಳ್ಳುತ್ತಾರೆ.

ಎರಡು ನೂರು ವರ್ಷದ ನಂತರ ಇಬ್ಬರು ವೈದ್ಯರು ಆ ದಾರಿಯಲ್ಲಿ ಬರುತ್ತಾರೆ. ಒಬ್ಬನ ಕೈಗೆ ಶವಪೆಟ್ಟಿಗೆಯ ಗಾಜು ತಗುಲಿ ರಕ್ತ ತೊಟ್ಟಿಕ್ಕುತ್ತದೆ. ಆಸಾಗೆ ಜೀವ ಬರಲು ಅಷ್ಟು ಸಾಕು. ಇಬ್ಬರೂ ಪಾಳುಬಿದ್ದ ಆ ಗುಡಿಯಿಂದ ಹೊರಗೆ ಬಂದರೆ ಬಾಗಿಲಲ್ಲಿ ಒಬ್ಬ ಹುಡುಗಿ. ಕಪ್ಪು ನಿಲುವಂಗಿ, ಎರಡು ದೊಡ್ಡ ನಾಯಿ, ಅಲುಗಾಡದ ನೋಟ. ಇವಳು ಕಾತ್ಯಾ, ಆಸಾಳ ವಂಶದ ಕುಡಿ, ಒಳ್ಳೆಯವಳು. ಅದೇ ಮುಖ, ಅದೇ ಸ್ಟೀಲ್. ಒಳ್ಳೆಯವಳು ಅಂತ ಮುಂದೆ ಗೊತ್ತಾಗುತ್ತದೆ, ಆದರೆ ಆ ಕ್ಷಣಕ್ಕೆ ನಮಗೆ ಅನುಮಾನ. ಇಡೀ ಚಿತ್ರ ನಿಂತಿರುವುದು ಆ ಅನುಮಾನದ ಮೇಲೆ. ದ್ವಿಪಾತ್ರ ಅಂದರೆ ಒಂದಕ್ಕೆ ಕುಂಕುಮ, ಇನ್ನೊಂದಕ್ಕೆ ಗಾಗಲ್ಸ್ ಹಾಕಿ ವ್ಯತ್ಯಾಸ ತೋರಿಸುವುದು ನಮಗೆಲ್ಲ ಗೊತ್ತಿರುವ ಉಪಾಯ. ಸ್ಟೀಲ್ ಅದರ ಉಲ್ಟಾ ಮಾಡಿದರು. ಒಳ್ಳೆಯವಳ ಮುಖದಲ್ಲಿ ಕೆಟ್ಟವಳ ನೆರಳು ಸ್ವಲ್ಪ ಉಳಿಸಿದರು, ಕೆಟ್ಟವಳ ಮುಖದಲ್ಲಿ ನೋವು ಉಳಿಸಿದರು. ಮುಖವಾಡದ ಮೊಳೆ ಚುಚ್ಚಿದ ತೂತುಗಳಿರುವ ಆ ಮುಖವನ್ನು ನೋಡಿ ಹೆದರಿಕೆಯ ಜೊತೆಗೆ ಅಯ್ಯೋ ಅನ್ನಿಸುವುದು ಅದಕ್ಕೇ.

ಶೂಟಿಂಗ್ ಸುಸೂತ್ರವಾಗಿ ನಡೆಯಿತಾ?

ಅಷ್ಟೇನೂ ಇಲ್ಲ. ಅವರಿಗೆ ಆಗ ವಯಸ್ಸು 22, ಭಾಷೆ ಬಾರದ ದೇಶ. ಒಂದು ದಿನ ಸೆಟ್‌ಗೇ ಬರಲಿಲ್ಲ, ಬಟ್ಟೆ ಹಾಕಿಕೊಂಡವರನ್ನೂ ಬೆತ್ತಲಾಗಿ ತೋರಿಸುವ ವಿಶೇಷ ಫಿಲ್ಮ್ ಬಾವಾ ಹತ್ತಿರ ಇದೆ ಅಂತ ಯಾರೋ ಅವರ ಕಿವಿಗೆ ಊದಿದ್ದರು ಅಂತ ಬಾವಾ ಆಮೇಲೆ ಹೇಳಿಕೊಂಡಿದ್ದುಂಟು. ತಮಾಷೆಯಾಗಿ ಹೇಳಿದ ಮಾತು. ಆದರೆ ನನಗೇನೋ ಆ ಹುಡುಗಿಯ ಭಯ ತಮಾಷೆ ಅನ್ನಿಸುವುದಿಲ್ಲ. ಸುತ್ತ ಬರೀ ಗೊತ್ತಿಲ್ಲದ ಗಂಡಸರು, ಅರ್ಥವಾಗದ ಮಾತು. ಯಾರನ್ನು ನಂಬುವುದು?

ಬ್ರಿಟನ್‌ನಲ್ಲಿ ಚಿತ್ರಕ್ಕೆ ನಿಷೇಧ ಇತ್ತಂತೆ?

ಇತ್ತು. ಅಲ್ಲಿನ ಸೆನ್ಸಾರ್ ಮಂಡಳಿ ಪ್ರಮಾಣಪತ್ರ ಕೊಡಲಿಲ್ಲ. 1968ರಲ್ಲಿ 'ರಿವೆಂಜ್ ಆಫ್ ದ ವ್ಯಾಂಪೈರ್' ಎಂಬ ಬೇರೆ ಹೆಸರಿನಲ್ಲಿ, ಕತ್ತರಿ ಹಾಕಿಸಿಕೊಂಡು ಬಿಡುಗಡೆಯಾಯಿತು. ಒಬ್ಬ ಬ್ರಿಟಿಷ್ ನಟಿಗೆ ಹೆಸರು ತಂದ ಚಿತ್ರವನ್ನು ಬ್ರಿಟಿಷ್ ಪ್ರೇಕ್ಷಕರು ಎಂಟು ವರ್ಷ ನೋಡುವ ಹಾಗಿರಲಿಲ್ಲ. ಅಮೆರಿಕದಲ್ಲಿ 1961ರಲ್ಲೇ ಬಂತು, ಅಲ್ಲೂ ಸ್ವಲ್ಪ ಕತ್ತರಿಸಿ, ಸಂಗೀತವನ್ನು ಬದಲಾಯಿಸಿ. 'ಬ್ಲ್ಯಾಕ್ ಸಂಡೇ' ಅನ್ನುವ ಹೆಸರು ಅಂಟಿಕೊಂಡಿದ್ದು ಅಲ್ಲಿಂದ.

ನಾವು ಕೇಳುವ ದನಿ ಅವರದ್ದೇನಾ?

ಬಹುಪಾಲು ಅಲ್ಲ. ಆಗಿನ ಇಟಲಿಯಲ್ಲಿ ಶೂಟಿಂಗ್ ಮಾಡುವಾಗ ದನಿಯ ಗೊಡವೆಗೆ ಹೋಗುತ್ತಿರಲಿಲ್ಲ. ಒಬ್ಬರು ಇಂಗ್ಲಿಷ್‌ನಲ್ಲಿ ಕೇಳುತ್ತಾರೆ, ಇನ್ನೊಬ್ಬರು ಇಟಾಲಿಯನ್‌ನಲ್ಲಿ ಉತ್ತರಿಸುತ್ತಾರೆ, ಮೂರನೆಯವರು ಫ್ರೆಂಚ್. ಎಲ್ಲಾ ಮಾತು ಆಮೇಲೆ ಡಬ್ಬಿಂಗ್. ಇಟಾಲಿಯನ್ ಪ್ರತಿಗೊಂದು ದನಿ, ಇಂಗ್ಲಿಷ್ ಪ್ರತಿಗೆ ಮತ್ತೊಂದು ದನಿ. ಅಷ್ಟೊತ್ತಿಗೆ ನಟಿ ಮುಂದಿನ ಚಿತ್ರದ ಸೆಟ್‌ನಲ್ಲಿರುತ್ತಿದ್ದರು. 'ಬ್ಲ್ಯಾಕ್ ಸಂಡೇ'ಯ ಇಂಗ್ಲಿಷ್ ಪ್ರತಿಯಲ್ಲಿ ಇಂಗ್ಲಿಷ್ ನಟಿಗೇ ಬೇರೆಯವರ ಇಂಗ್ಲಿಷ್ ದನಿ ಇದೆ.

ಇಟಲಿಯ ಮಾತು ಬಿಡಿ, ಅಮೆರಿಕದಲ್ಲಿ ಮಾಡಿದ 'ದ ಪಿಟ್ ಆ್ಯಂಡ್ ದ ಪೆಂಡುಲಮ್' ಚಿತ್ರದಲ್ಲೂ ಬೇರೆ ದನಿಯನ್ನೇ ಕೂರಿಸಿದರು! ಹೀಗಾಗಿ ಅವರ ಹಳೆಯ ಚಿತ್ರಗಳನ್ನು ಸಾಲಾಗಿ ನೋಡಿದರೆ ಒಂದು ವಿಚಿತ್ರ ಅನುಭವ. ಮುಖ ಒಂದೇ, ಪ್ರತಿ ಚಿತ್ರದಲ್ಲೂ ಬೇರೆ ಹೆಂಗಸು ಮಾತಾಡುತ್ತಾಳೆ. ದೆವ್ವ ಹೊಕ್ಕವರ ಬಾಯಿಂದ ಬೇರೆಯವರ ದನಿ ಬಂದ ಹಾಗೆ. ಅವರ ನಟನೆಯನ್ನು ಅಳೆಯುವಾಗ ಇದನ್ನು ನೆನಪಿಡಬೇಕು. ಅವರ ಕೈಯಲ್ಲಿ ಉಳಿದದ್ದು ಕಣ್ಣು, ಕತ್ತು, ಬೆರಳು, ನಡಿಗೆ. ಮಾತಿಲ್ಲದ ಮೂಕಿ ಸಿನಿಮಾದ ನಟಿಯರ ಹಾಗೆ ಅಷ್ಟರಲ್ಲೇ ಎಲ್ಲಾ ಮಾಡಬೇಕಿತ್ತು, ಮಾಡಿದರು.

'ದ ಪಿಟ್ ಆ್ಯಂಡ್ ದ ಪೆಂಡುಲಮ್'ನಲ್ಲಿ ಅವರ ಪಾತ್ರ ದೊಡ್ಡದಾ?

ಚಿಕ್ಕದು. ಆದರೆ ಕೊನೆಯ ಏಟು ಅವರದ್ದೇ. 1961ರ ಚಿತ್ರ, ನಿರ್ದೇಶಕ ರೋಜರ್ ಕಾರ್ಮನ್, ನಾಯಕ ವಿನ್ಸೆಂಟ್ ಪ್ರೈಸ್, ಚಿತ್ರಕಥೆ ರಿಚರ್ಡ್ ಮ್ಯಾಥೆಸನ್. ಅಮೆರಿಕದ ಬರಹಗಾರ ಎಡ್ಗರ್ ಅಲನ್ ಪೋ ಕಥೆಯ ಹೆಸರು, ಒಳಗೆ ಬಹಳಷ್ಟು ಹೊಸ ಕಥೆ. ಎಲಿಜಬೆತ್ ಎಂಬ ಹೆಂಡತಿ ಸತ್ತಿದ್ದಾಳೆ, ಗಂಡ ಕೊರಗುತ್ತಿದ್ದಾನೆ, ಕೋಟೆಯಲ್ಲಿ ಅವಳ ಓಡಾಟದ ಸುಳಿವು ಸಿಗುತ್ತಿದೆ.

ಕೊನೆಯನ್ನು ಹೇಳಿಬಿಡುತ್ತೇನೆ, ಬೇಡದವರು ಮುಂದಿನ ಪ್ರಶ್ನೆಗೆ ಹೋಗಿ. ಎಲಿಜಬೆತ್ ಸತ್ತಿಲ್ಲ, ಗಂಡನನ್ನು ಹುಚ್ಚನನ್ನಾಗಿಸಲು ಆಡಿದ ನಾಟಕ ಅದು. ಗಂಡ ಅವಳನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ ಕೂಡಿಹಾಕುತ್ತಾನೆ, ಆಮೇಲೆ ತಾನೂ ಸಾಯುತ್ತಾನೆ. ಬದುಕಿದವರು ಹೊರಡುವಾಗ ಈ ಕೋಣೆಗೆ ಇನ್ನೆಂದೂ ಯಾರೂ ಕಾಲಿಡುವುದಿಲ್ಲ ಅಂತ ಹೇಳಿ ಬಾಗಿಲು ಹಾಕುತ್ತಾರೆ. ಕ್ಯಾಮೆರಾ ಸರ್ರನೆ ತಿರುಗುತ್ತದೆ. ಪೆಟ್ಟಿಗೆಯ ಕಿಂಡಿಯಲ್ಲಿ ಬಾಯಿ ಕಟ್ಟಿಸಿಕೊಂಡ ಸ್ಟೀಲ್ ಅವರ ಎರಡು ಕಣ್ಣು. ಅಲ್ಲಿಗೆ ಚಿತ್ರ ಮುಗಿಯಿತು. ದನಿ ಕಿತ್ತುಕೊಂಡರೂ ಕಣ್ಣಿನಿಂದಲೇ ಕಿರುಚುವುದು ಅಂದರೆ ಇದೇ.

ಆ ಕಾಲದ ಇಟಾಲಿಯನ್ ಚಿತ್ರಗಳಲ್ಲಿ ಮುಖ್ಯವಾದವು ಯಾವುವು?

ಎಲ್ಲವನ್ನೂ ನೋಡಲೇಬೇಕು ಅಂತಿಲ್ಲ. ಕೆಲವು ಬರೀ ಹೊಗೆ, ಮೇಣದಬತ್ತಿ, ಉದ್ದುದ್ದ ಹಜಾರದಲ್ಲಿ ನಡೆದಾಟ. ನನ್ನ ಪ್ರಕಾರ ಮೂರು ಬಿಡಬಾರದು.

ರಿಕಾರ್ಡೊ ಫ್ರೆಡಾ ಅವರ 'ದ ಹಾರಿಬಲ್ ಡಾಕ್ಟರ್ ಹಿಚ್‌ಕಾಕ್' 1962ರದ್ದು, ಇದು ಬಣ್ಣದ ಚಿತ್ರ. ಶವಗಳ ಮೇಲೆ ಮೋಹ ಇರುವ ವೈದ್ಯ, ಅವನ ಎರಡನೇ ಹೆಂಡತಿಯಾಗಿ ಸ್ಟೀಲ್. ಹೆಸರಿನಲ್ಲಿ ಪ್ರಸಿದ್ಧ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಹೆಸರಿನ ಒಂದು 'ಟಿ' ಅಕ್ಷರ ಬೇಕಂತಲೇ ಬಿಟ್ಟಿದ್ದಾರೆ. ಕನ್ನಡದಲ್ಲಿ ಬರೆದರೆ ಈ ತುಂಟತನ ಕಾಣುವುದೇ ಇಲ್ಲ, ಪಾಪ. ಸ್ಟೀಲ್ ಅವರ ಕಣ್ಣುಗಳನ್ನು ಫ್ರೆಡಾ ಚಿತ್ರ ಕಲಾವಿದ ಡಿ ಕಿರಿಕೊ ಬರೆದ ಕಣ್ಣುಗಳಿಗೆ ಹೋಲಿಸಿದ್ದರು.

ಎರಡನೆಯದು ಆಂಟೋನಿಯೊ ಮಾರ್ಗೆರಿಟಿ ನಿರ್ದೇಶಿಸಿದ 'ಕ್ಯಾಸಲ್ ಆಫ್ ಬ್ಲಡ್', 1964. ಒಂದು ರಾತ್ರಿ ಭೂತದ ಕೋಟೆಯಲ್ಲಿ ಕಳೆಯುತ್ತೇನೆ ಅಂತ ಪಂದ್ಯ ಕಟ್ಟಿದ ಪತ್ರಕರ್ತ, ಅಲ್ಲಿ ಸಿಗುವ ಎಲಿಜಬೆತ್ ಎಂಬ ಚೆಲುವೆ. ಅವಳ ಎದೆಗೆ ಕಿವಿ ಇಟ್ಟರೆ ಬಡಿತವೇ ಇಲ್ಲ. ಹೆದರಿಸುವುದಕ್ಕಿಂತ ಜಾಸ್ತಿ ಬೇಸರ ತುಂಬುವ ಚಿತ್ರ, ಒಳ್ಳೆಯ ಅರ್ಥದಲ್ಲಿ. ಇಲ್ಲಿ ಸ್ಟೀಲ್ ಮಾಟಗಾತಿಯಲ್ಲ, ಸತ್ತ ಮೇಲೂ ಪ್ರೀತಿಗೆ ಹಂಬಲಿಸುವ ಹೆಣ್ಣು. ಮಾರ್ಗೆರಿಟಿ ಇದನ್ನೇ 1971ರಲ್ಲಿ ಬಣ್ಣದಲ್ಲಿ ಮತ್ತೆ ತೆಗೆದರು, ಬೇರೆ ನಟರೊಂದಿಗೆ. ಕಳೆಗಟ್ಟಲಿಲ್ಲ.

ಮೂರನೆಯದು ಮಾರಿಯೋ ಕೈಯಾನೊ ಅವರ 'ನೈಟ್‌ಮೇರ್ ಕ್ಯಾಸಲ್', 1965. ಇಲ್ಲಿ ಮತ್ತೆ ದ್ವಿಪಾತ್ರ. ಗಂಡ ಚಿತ್ರಹಿಂಸೆ ಕೊಟ್ಟು ಕೊಂದ ಕಪ್ಪು ಕೂದಲಿನ ಮ್ಯೂರಿಯಲ್, ಅವನು ಆಸ್ತಿಗಾಗಿ ಮದುವೆಯಾಗುವ ಹೊಂಬಣ್ಣದ ಕೂದಲಿನ ಜೆನ್ನಿ. ಸಂಗೀತ ಎನ್ನಿಯೊ ಮೊರಿಕೋನೆ ಅವರದ್ದು. ಕಥೆ ಸುಮಾರು, ಆದರೆ ಕೊನೆಗೆ ಅರ್ಧ ಮುಖ ಕೂದಲಲ್ಲಿ ಮುಚ್ಚಿಕೊಂಡು ಮ್ಯೂರಿಯಲ್ ನಗುತ್ತಾ ಬರುವಾಗ ಎಲ್ಲ ಕ್ಷಮಿಸಬಹುದು.

ಟೈಟಲ್‌ನಲ್ಲಿ ನಿರ್ದೇಶಕರ ಹೆಸರು ಇಂಗ್ಲಿಷ್‌ನವರ ಹೆಸರಿನ ಹಾಗೆ ಇರುವುದೇಕೆ?

ವ್ಯಾಪಾರಕ್ಕೆ. ದೆವ್ವದ ಸಿನಿಮಾ ಇಂಗ್ಲಿಷ್‌ನವರು, ಅಮೆರಿಕದವರು ಮಾಡಿದರೇ ಚೆನ್ನ ಅಂತ ಇಟಲಿಯ ಜನ ನಂಬಿದ್ದರು. ಪೋಸ್ಟರ್‌ನಲ್ಲಿ ತಮ್ಮ ಇಟಾಲಿಯನ್ ಹೆಸರು ಕಂಡ ಕೂಡಲೇ ಜನ ಥಿಯೇಟರ್ ಬಾಗಿಲಿಂದ ವಾಪಸ್ ಹೋಗುವುದನ್ನು ಫ್ರೆಡಾ ಸ್ವತಃ ಕಂಡರಂತೆ. ಆಮೇಲೆ ಅವರು 'ರಾಬರ್ಟ್ ಹ್ಯಾಂಪ್ಟನ್' ಆದರು, ಮಾರ್ಗೆರಿಟಿ 'ಆ್ಯಂಥನಿ ಡಾಸನ್' ಆದರು, ಕೈಯಾನೊ 'ಅಲನ್ ಗ್ರೂನೆವಾಲ್ಡ್' ಆದರು. ಸುತ್ತ ಎಲ್ಲರೂ ಸುಳ್ಳು ಹೆಸರಿನವರು, ನಡುವೆ ನಿಜವಾದ ಇಂಗ್ಲಿಷ್ ಹೆಸರಿನ ಒಬ್ಬಳೇ ನಟಿ. ನಿರ್ಮಾಪಕರಿಗೆ ಅವರು ಬೇಕೇ ಬೇಕಾಗಿದ್ದಕ್ಕೆ ಇದೂ ಒಂದು ಕಾರಣ ಇರಬೇಕು.

ಇಟಲಿಯ ಹೆಸರಾಂತ ನಿರ್ದೇಶಕ ಫೆಲಿನಿ ಚಿತ್ರದಲ್ಲಿ ಇದ್ದರು ಅಂತಾರಲ್ಲ?

ಇದ್ದರು. 1963ರ '8½' ಚಿತ್ರದಲ್ಲಿ ಗ್ಲೋರಿಯಾ ಮೋರಿನ್. ನಾಯಕನ ಗೆಳೆಯ, ವಯಸ್ಸಾದ ಮೆಜಬೋಟ್ಟಾ ಮದುವೆಯಾಗಲು ಹೊರಟಿರುವ ಎಳೆ ಹುಡುಗಿ. ದೊಡ್ಡ ಟೋಪಿ, ದಪ್ಪ ಕಾಡಿಗೆ, ಬಾಯಿ ತುಂಬಾ ತತ್ವದ ಮಾತು. ನೋಡಿದರೆ ನಗು ಬರುತ್ತದೆ. ಅವರು ಹೆಮ್ಮೆಪಟ್ಟದ್ದು ಇಂಥ ಕೆಲಸಕ್ಕೆ, ಪೆಟ್ಟಿಗೆಯಿಂದೆದ್ದು ಬರುವುದಕ್ಕಲ್ಲ. 1966ರಲ್ಲಿ ಮೊನಿಚೆಲ್ಲಿಯವರ ಹಾಸ್ಯ ಚಿತ್ರ 'ಬ್ರಾಂಕಲಿಯೋನೆಯ ಸೈನ್ಯ', ಜರ್ಮನಿಯ ಶ್ಲೋಂಡಾರ್ಫ್ ಅವರ 'ಯಂಗ್ ಟೋರ್ಲೆಸ್' ಎರಡರಲ್ಲೂ ಇದ್ದಾರೆ. ಎರಡರಲ್ಲೂ ಭೂತವಿಲ್ಲ. ಆದರೂ ಕೆಲಸ ಹುಡುಕಿಕೊಂಡು ಬರುವವರು ಮತ್ತೆ ಭೂತದವರೇ.

'ದ ಶೀ ಬೀಸ್ಟ್' ಚಿತ್ರದ ವಿಕಾರ ಮುದುಕಿ ಅವರೇನಾ?

ಅಲ್ಲ, ಆ ಮಾಟಗಾತಿಯ ವೇಷದಲ್ಲಿ ಇರುವುದು ಒಬ್ಬ ಗಂಡಸು. ಮೈಕೆಲ್ ರೀವ್ಸ್ ಎಂಬ ಹುಡುಗ ನಿರ್ದೇಶಕ ಇಪ್ಪತ್ತರ ಆಸುಪಾಸಿನಲ್ಲಿ ಮಾಡಿದ ಚಿತ್ರ. ಸ್ಟೀಲ್ ಅವರನ್ನು ಸಾವಿರ ಡಾಲರ್‌ಗೆ ಒಂದು ದಿನದ ಕೆಲಸ ಅಂತ ಕರೆಸಿ, ಆ ಒಂದು ದಿನವನ್ನು ಹದಿನೆಂಟು ಗಂಟೆ ಎಳೆದರು ಅಂತ ಕಥೆ. ಹೆಸರು ಮೇಲಿದೆ, ತೆರೆಯ ಮೇಲೆ ಸ್ವಲ್ಪವೇ ಇದ್ದಾರೆ. ರೀವ್ಸ್ 1969ರಲ್ಲಿ, 25ನೇ ವಯಸ್ಸಿಗೇ ತೀರಿಕೊಂಡರು.

ಬ್ರಿಟನ್‌ನಲ್ಲಿ ಮಾಡಿದ ಹಾರರ್ ಯಾವುದು?

1968ರ 'ಕರ್ಸ್ ಆಫ್ ದ ಕ್ರಿಮ್ಸನ್ ಆಲ್ಟರ್'. ಟೈಗನ್ ಕಂಪನಿಯದ್ದು. ಹಾರರ್‌ನ ದೊಡ್ಡ ನಟರಾದ ಬೋರಿಸ್ ಕಾರ್ಲಾಫ್, ಕ್ರಿಸ್ಟೋಫರ್ ಲೀ, ಜೊತೆಗೆ ಸ್ಟೀಲ್, ಮೂರು ಹೆಸರೂ ಒಂದೇ ಪೋಸ್ಟರ್‌ನಲ್ಲಿ. ಬಾಯಲ್ಲಿ ನೀರೂರುತ್ತದೆ ಅಲ್ವಾ? ನೋಡಿದರೆ ನಿರಾಸೆ. ಸ್ಟೀಲ್ ಅವರಿಗೆ ಮೈಗೆ ಹಸಿರು ನೀಲಿ ಬಣ್ಣ ಬಳಿದು, ತಲೆಗೆ ಟಗರಿನ ಕೊಂಬು ಕಟ್ಟಿ, ನಾಯಕನ ಕನಸಿನಲ್ಲಿ ಕೂರಿಸಿದ್ದಾರೆ. ಫೋಟೋದಲ್ಲಿ ಅದ್ಭುತ, ಚಿತ್ರದಲ್ಲಿ ಮಾಡಲು ಏನೂ ಇಲ್ಲ. ಮನೆ ಮಾತ್ರ ನಿಜವಾದದ್ದು: ಲಂಡನ್ ಹೊರವಲಯದ ಗ್ರಿಮ್ಸ್ ಡೈಕ್, ಹಿಂದೆ ನಾಟಕಕಾರ ಗಿಲ್ಬರ್ಟ್ ಬಾಳಿದ ಬಂಗಲೆ. ಕಾರ್ಲಾಫ್ ಮುಂದಿನ ಫೆಬ್ರವರಿಯಲ್ಲಿ ತೀರಿಕೊಂಡರು.

ಆಮೇಲೆ ನಟನೆ ಬಿಟ್ಟರಾ?

ಕೆಲವು ವರ್ಷ ದೂರವಿದ್ದರು. ಚಿತ್ರಕಥೆಗಾರ ಜೇಮ್ಸ್ ಪೋ ಅವರನ್ನು ಮದುವೆಯಾಗಿ ಅಮೆರಿಕದಲ್ಲಿ ನೆಲೆಸಿದರು. ಎಡ್ಗರ್ ಅಲನ್ ಪೋ ಕಥೆಯ ನಾಯಕಿಗೆ ಪೋ ಎಂಬ ಗಂಡ! ಒಬ್ಬ ಮಗ ಹುಟ್ಟಿದ, ಮುಂದೆ ವಿಚ್ಛೇದನವಾಯಿತು. ಇನ್ನು ಮೇಲೆ ಶವಪೆಟ್ಟಿಗೆಯಿಂದ ಎದ್ದು ಬರುವ ಪಾತ್ರ ಸಾಕಪ್ಪಾ ಸಾಕು ಅಂತ ಅವರು ಖಡಾಖಂಡಿತವಾಗಿ ಹೇಳಿದ್ದು ಪ್ರಸಿದ್ಧ.

ವಾಪಸ್ ಬಂದದ್ದು 1974ರಲ್ಲಿ, ಜೊನಾಥನ್ ಡೆಮ್ಮಿ ಅವರ ಮೊದಲ ಚಿತ್ರ 'ಕೇಜ್ಡ್ ಹೀಟ್' ಮೂಲಕ. ಹೆಂಗಸರ ಜೈಲಿನ ಅಧಿಕಾರಿ, ಗಾಲಿಕುರ್ಚಿ, ಕನ್ನಡಕ. 1975ರಲ್ಲಿ ಕೆನಡಾದ ಡೇವಿಡ್ ಕ್ರೋನೆನ್‌ಬರ್ಗ್ ಅವರ 'ಶಿವರ್ಸ್': ಸ್ನಾನದ ತೊಟ್ಟಿಯಲ್ಲಿ ಕಾಲು ಚಾಚಿ ಕೂತವರ ಮೇಲೆ ಹುಳುವೊಂದು ನುಗ್ಗುವ ದೃಶ್ಯ ಅವರದ್ದು. 1978ರಲ್ಲಿ ಜೋ ಡಾಂಟೆ ಅವರ 'ಪಿರಾನ್ಹಾ': ಇನ್ನು ಹೆದರುವಂಥದ್ದೇನಿಲ್ಲ ಅಂತ ಟಿವಿ ಮುಂದೆ ತಣ್ಣಗೆ ಸುಳ್ಳು ಹೇಳುವ ವಿಜ್ಞಾನಿ. ಆ ಹುಡುಗ ನಿರ್ದೇಶಕರೆಲ್ಲ ಅವರ ಹಳೆಯ ಚಿತ್ರ ನೋಡಿ ಬೆಳೆದವರು. ಹಾಗಾಗಿ ಒಂದು ಒಳ್ಳೆಯದಾಯಿತು, ಕೊನೆಗೂ ಅವರ ಸ್ವಂತ ದನಿ ಕೇಳಿಸಿತು. ತಗ್ಗಿದ, ಸ್ವಲ್ಪ ಒರಟಾದ, ಮಾತಿನ ಕೊನೆಗೆ ವ್ಯಂಗ್ಯ ಉಳಿಸುವ ದನಿ. ಇದನ್ನು ಹದಿನೈದು ವರ್ಷ ಏಕೆ ಮುಚ್ಚಿಟ್ಟರೋ!

ಅಮೆರಿಕದ ಟಿವಿ ಪ್ರಶಸ್ತಿ ಎಮ್ಮಿ ಬಂದದ್ದು ಯಾವ ಪಾತ್ರಕ್ಕೆ?

ಪಾತ್ರಕ್ಕಲ್ಲ, ನಿರ್ಮಾಣಕ್ಕೆ. ಟಿವಿ ನಿರ್ಮಾಪಕ-ನಿರ್ದೇಶಕ ಡಾನ್ ಕರ್ಟಿಸ್ ಅವರ ಜೊತೆ ಎರಡನೇ ಮಹಾಯುದ್ಧದ ಎರಡು ಭಾರಿ ಕಿರುಧಾರಾವಾಹಿಗಳಲ್ಲಿ ದುಡಿದರು. 1983ರ 'ದ ವಿಂಡ್ಸ್ ಆಫ್ ವಾರ್'ನಲ್ಲಿ ಸಹ ನಿರ್ಮಾಪಕಿ, ಒಂದು ಸಣ್ಣ ಪಾತ್ರವೂ ಇತ್ತು. 1988-89ರ 'ವಾರ್ ಆ್ಯಂಡ್ ರಿಮೆಂಬ್ರೆನ್ಸ್'ಗೆ ನಿರ್ಮಾಪಕಿ. ಕಥೆ ಹರ್ಮನ್ ವೋಕ್ ಅವರ ಕಾದಂಬರಿಯದು. ಆಶ್ವಿಟ್ಜ್‌ನ ದೃಶ್ಯಗಳಲ್ಲಿ ಕೆಲವನ್ನು ಆ ಜಾಗದಲ್ಲೇ ತೆಗೆದರು. 1989ರಲ್ಲಿ ಅದಕ್ಕೆ ಅತ್ಯುತ್ತಮ ಕಿರುಧಾರಾವಾಹಿಯ ಎಮ್ಮಿ ಬಂತು. ಅವರ ಅಭಿಮಾನಿಗಳಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಕೆಲಸದ ಲೆಕ್ಕದಲ್ಲಿ ನೋಡಿದರೆ ಅವರ ಬದುಕಿನ ಅತಿ ದೊಡ್ಡ ಕೆಲಸ ಇದೇ.

'ಡಾರ್ಕ್ ಶ್ಯಾಡೋಸ್' ಅಂದರೆ?

1991ರಲ್ಲಿ ಅದೇ ಕರ್ಟಿಸ್ ತಮ್ಮ ಹಳೆಯ ರಕ್ತಪಿಶಾಚಿ ಧಾರಾವಾಹಿಯನ್ನು ಹೊಸದಾಗಿ ತಂದರು. ಬೆನ್ ಕ್ರಾಸ್ ರಕ್ತಪಿಶಾಚಿ, ಅವನ ರೋಗ ವಾಸಿಮಾಡಲು ಹೊರಟ ಡಾಕ್ಟರ್ ಜೂಲಿಯಾ ಹಾಫ್‌ಮನ್ ಆಗಿ ಸ್ಟೀಲ್. ಕೊಲ್ಲಿ ಯುದ್ಧದ ಸುದ್ದಿಯ ಗಲಾಟೆಯಲ್ಲಿ ಪ್ರಸಾರ ಏರುಪೇರಾಗಿ, 12 ಕಂತಿಗೇ ನಿಂತುಹೋಯಿತು.

ಎಲ್ಲಿಂದ ನೋಡಲು ಶುರು ಮಾಡಲಿ?

'ಬ್ಲ್ಯಾಕ್ ಸಂಡೇ'. ರಾತ್ರಿ, ದೀಪ ಆರಿಸಿ. ಸಾಧ್ಯವಾದರೆ ಇಟಾಲಿಯನ್ ಪ್ರತಿಯನ್ನೇ ಸಬ್‌ಟೈಟಲ್ ಹಾಕಿಕೊಂಡು ನೋಡಿ. ಎರಡರಲ್ಲೂ ದನಿ ಅವರದ್ದಲ್ಲದ ಮೇಲೆ ಹೆಚ್ಚು ಇಂಪಾಗಿರುವುದೇ ಇರಲಿ. ಆಮೇಲೆ 'ಕ್ಯಾಸಲ್ ಆಫ್ ಬ್ಲಡ್', ಆಮೇಲೆ '8½'. ದನಿ ಕೇಳಬೇಕು ಅನ್ನಿಸಿದಾಗ 'ಪಿರಾನ್ಹಾ'.

ಈಚಿನದ್ದು ಬೇಕಾದರೆ 2014ರ 'ಲಾಸ್ಟ್ ರಿವರ್' ಇದೆ, ನಟ ರಯನ್ ಗಾಸ್ಲಿಂಗ್ ನಿರ್ದೇಶಿಸಿದ್ದು. ಪಾಳುಬಿದ್ದ ಊರಿನ ಒಂದು ಮನೆಯಲ್ಲಿ ಅಜ್ಜಿ ಕೂತಿದ್ದಾಳೆ, ತನ್ನ ಮದುವೆಯ ಹಳೆಯ ಫಿಲ್ಮನ್ನು ಮತ್ತೆ ಮತ್ತೆ ನೋಡುತ್ತಾ. ಗಂಡ ಸತ್ತ ಮೇಲೆ ಮಾತು ಬಿಟ್ಟವಳು. ಪರದೆಯ ಬೆಳಕು ಮುಖದ ಮೇಲೆ ಬೀಳುತ್ತದೆ. ಕಣ್ಣು ಹಾಗೇ ಇದೆ.